ಸೇತುವೆಗೂ ವಾರಕ್ಕೊಂದು ರಜೆ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ನೆಲಮಂಗಲಕ್ಕೆ ತುಸು ಮುಂಚೆ ಸಿಗುವ ಊರು ಅರಿಶಿನಕುಂಟೆ. ಕುಂಟೆ ಎಂದರೆ ಕೆರೆಗಿಂತ ಚಿಕ್ಕದು, ಮಳೆನೀರು ನಿಲ್ಲುವ ಹೊಂಡ. ಹೆಸರಿನ ಸೊಗಸಿಗೆ ಮನಸೋತು ಇಲ್ಲಿ ಇಳಿದವರಿಗೆ ಮೊದಲು ಎದುರಾಗುವುದು ಮಾತ್ರ ಲಾರಿಗಳ ಸಾಲು. ಪುಣೆ ಕಡೆಯ ಹೆದ್ದಾರಿಯೂ ಹಾಸನ, ಮಂಗಳೂರು ಕಡೆಯ ಹೆದ್ದಾರಿಯೂ ನೆಲಮಂಗಲದಲ್ಲಿ ಕೂಡಿಕೊಂಡು ಈ ಊರಿನ ಪಕ್ಕದಲ್ಲೇ ರಾಜಧಾನಿಯತ್ತ ಹರಿಯುತ್ತವೆ.

ಬೆಳಗಿನ ಹೊತ್ತು ಬಸ್ ನಿಲ್ದಾಣದಲ್ಲಿ ಟಿಫಿನ್ ಡಬ್ಬಿ ಹಿಡಿದವರ ಗುಂಪು. ಪೀಣ್ಯದ ಕಾರ್ಖಾನೆಗೆ, ಗಾರ್ಮೆಂಟ್ಸಿಗೆ, ಯಶವಂತಪುರಕ್ಕೆ, ಮೆಜೆಸ್ಟಿಕ್ಕಿಗೆ ಹೋಗುವವರು. ‘ಕೆಲಸದಲ್ಲಿ ಸುಸ್ತಿಲ್ಲ ಕಣಕ್ಕ, ಹೋಗಿ ಸೇರೋದ್ರಲ್ಲೇ ಸುಸ್ತು’ ಎಂಬ ಮಾತು ಇಲ್ಲಿ ದಿನವೂ ಕಿವಿಗೆ ಬೀಳುವಂಥದ್ದು. ಈ ಮಾತಿನಲ್ಲಿ ಸತ್ಯವಿದೆ. ಒಂದು ಗಂಟೆಯ ದಾರಿ ಎಂದು ಗೊತ್ತಿದ್ದರೆ ಮನಸ್ಸು ಅದಕ್ಕೆ ಒಗ್ಗಿಕೊಳ್ಳುತ್ತದೆ. ಇವತ್ತು ಮುಕ್ಕಾಲು ಗಂಟೆ, ನಾಳೆ ಎರಡು ಗಂಟೆ ಎಂದಾದರೆ ಒಗ್ಗುವುದು ಹೇಗೆ? ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಬಸ್ಸಿನೊಳಗೆ ಗಡಿಯಾರ ನೋಡುವವನ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ರಸಗಳು ಏರುತ್ತವೆ, ಎದೆ ಬಡಿತ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿಯನ್ನು ಕಂಡಾಗ ಆಗುವುದೂ ಇದೇ. ಹುಲಿಯಾದರೆ ಓಡಬಹುದು, ಬಸ್ಸಿನೊಳಗೆ ಓಡುವುದೆಲ್ಲಿಗೆ!

1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿದ ಹಾನ್ಸ್ ಸೆಲ್ಯೆ, ಚಳಿಯಾಗಲಿ, ಗಾಯವಾಗಲಿ, ವಿಷವಾಗಲಿ, ಕಾಟ ಯಾವುದಾದರೂ ದೇಹ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುವುದನ್ನು ಕಂಡ. ಮುಂದೆ ಅವನು ಇದಕ್ಕೆ ಬಳಸಿದ ‘ಸ್ಟ್ರೆಸ್’ ಎಂಬ ಪದ ಅದಾಗಲೇ ಎಂಜಿನಿಯರುಗಳ ಬಳಿ ಇತ್ತು. ಕಂಬಿ, ಕಮಾನುಗಳ ಒಳಗಿನ ಒತ್ತಡಕ್ಕೆ ಅವರು ಹೇಳುತ್ತಿದ್ದ ಮಾತದು.

ಆ ಎಂಜಿನಿಯರುಗಳ ಒತ್ತಡ ಅರಿಶಿನಕುಂಟೆಯವರಿಗೆ ಅಪರಿಚಿತವೇನಲ್ಲ. ಅವರು ನಗರ ಸೇರುವ ದಾರಿಯಲ್ಲೇ 2010ರಲ್ಲಿ ತೆರೆದ ಪೀಣ್ಯದ ಮೇಲ್ಸೇತುವೆ ಇದೆ. ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಅದಕ್ಕೇ ಇಂಥ ಸೇತುವೆಗಳೊಳಗೆ ಉಕ್ಕಿನ ಕೇಬಲ್‌ಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಕಾಂಕ್ರೀಟು ಸದಾ ಒತ್ತಿಸಿಕೊಂಡೇ ಇರಬೇಕು. ಅಂದರೆ ಸೇತುವೆ ನಿಂತಿರುವುದೇ ಒತ್ತಡದಿಂದ! 2021ರ ಡಿಸೆಂಬರಿನಲ್ಲಿ 102 ಮತ್ತು 103ನೇ ಕಂಬಗಳ ನಡುವೆ ಕೇಬಲ್ ದುರ್ಬಲವಾಗಿರುವುದು ಕಂಡುಬಂದು ಸಂಚಾರ ನಿಂತಿತು. ಸಣ್ಣ ವಾಹನಗಳಿಗೆ 2022ರ ಫೆಬ್ರುವರಿಯಲ್ಲಿ ದಾರಿ ಬಿಟ್ಟರು. ಬಸ್ಸು, ಲಾರಿಗಳು 2024ರ ಜುಲೈವರೆಗೆ ಕಾಯಬೇಕಾಯಿತು. ಅಷ್ಟು ಕಾಲ ಬಸ್ಸಿನವರ ಪಾಡು ಕೆಳಗಿನ ರಸ್ತೆಯಲ್ಲಿ. ಕೊನೆಗೆ ತೆರೆದಾಗಲೂ ಒಂದು ನಿಬಂಧನೆ ಹಾಕಿದರು: ಶುಕ್ರವಾರ ಬೆಳಿಗ್ಗೆಯಿಂದ ಶನಿವಾರ ಬೆಳಿಗ್ಗೆಯವರೆಗೆ ಭಾರಿ ವಾಹನ ಬೇಡ, ನಿರ್ವಹಣೆ ಆಗಬೇಕು. ಸೇತುವೆಗೂ ವಾರಕ್ಕೊಂದು ದಿನ ಹೊರೆ ಇಳಿಸಲೇಬೇಕಾಯಿತು. ಭಾನುವಾರವೂ ಓವರ್‌ಟೈಂ ಎಂದು ಓಡುವ ಪೀಣ್ಯದ ಕೆಲಸಗಾರನಿಗೆ ಈ ಸೌಲಭ್ಯವನ್ನು ಯಾರೂ ಬರೆದುಕೊಟ್ಟಿಲ್ಲ.

ವಿಶ್ರಾಂತಿಯನ್ನು ಕೊಳ್ಳಬಲ್ಲವರಿಗೆ ಇದೇ ದಾರಿಯಲ್ಲಿ ವ್ಯವಸ್ಥೆಯಿದೆ. ಜಿಂದಾಲ್ ಪ್ರಕೃತಿ ಚಿಕಿತ್ಸಾಲಯ 1970ರ ದಶಕದ ಕೊನೆಯಿಂದ ಇಲ್ಲಿದೆ. ನೆಲಮಂಗಲದ ಬಳಿ ಧರ್ಮಸ್ಥಳ ಸಂಸ್ಥೆಯ ‘ಕ್ಷೇಮವನ’ 2022ರಲ್ಲಿ ಆರಂಭವಾಯಿತು. ಮಣ್ಣಿನ ಪಟ್ಟಿ, ನೀರಿನ ತೊಟ್ಟಿ, ಯೋಗ, ಮಿತಾಹಾರ. ಮಣ್ಣಿನ ಮಹಿಮೆ ಎಷ್ಟೋ, ಹೊತ್ತಿಗೆ ಸರಿಯಾದ ಊಟ, ನಿದ್ದೆ, ನಡಿಗೆಗಳ ಮಹಿಮೆ ಎಷ್ಟೋ. ಎರಡನೆಯದರ ಪಾಲೇ ದೊಡ್ಡದಿರಬೇಕು. ಹೊಲದ ಕೆಲಸ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಉಂಡು ಮಲಗುತ್ತಿದ್ದ ಅಜ್ಜ ಅಜ್ಜಿಯರಿಗೆ ಅದು ಪುಕ್ಕಟೆಯಾಗಿ ಸಿಗುತ್ತಿತ್ತು. ಮಳೆ ಕೈಕೊಟ್ಟಾಗಿನ ಚಿಂತೆ ಅವರಿಗೂ ಇತ್ತು, ಆ ಮಾತು ಬೇರೆ.

ಬಸ್ಸಿನವರಿಗೆ ಉಳಿದಿರುವುದು ಸಣ್ಣ ಉಪಾಯಗಳು. ಎರಡು ಬಸ್ಸು ಮುಂಚೆ ಹೊರಡುವವರು ಇಲ್ಲಿದ್ದಾರೆ. ಕಳೆದುಕೊಳ್ಳುವುದು ಅರ್ಧ ಗಂಟೆ ನಿದ್ದೆ, ಉಳಿಯುವುದು ದಿನವಿಡೀ ನೆಮ್ಮದಿ. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂದಿದ್ದು ಇನ್ನೂ ದೊಡ್ಡ ಉಪಕಾರ. ಅರಿಶಿನಕುಂಟೆಗೆ ಬಾರದಿದ್ದರೂ, ಅಲ್ಲಿಂದಾಚೆಗೆ ಎಷ್ಟು ನಿಮಿಷ ಎಂಬುದನ್ನು ಲೆಕ್ಕ ಹಾಕಬಹುದು. ಸೀಟು ಸಿಕ್ಕವರು ಮಾಡಬಹುದಾದದ್ದು ಉಸಿರಿನ ಲೆಕ್ಕ. ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಆಡುವ ಉಸಿರನ್ನು ಆರಕ್ಕೆ ಇಳಿಸಿ, ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ವೇಗಸ್ ನರ ಚುರುಕಾಗಿ ಎದೆ ಬಡಿತ ತಗ್ಗುತ್ತದೆ. ಐದು ನಿಮಿಷ ಸಾಕು, ಕಾಸಿಲ್ಲ. ರಾತ್ರಿಗಳೇ ನಿದ್ದೆಯಿಲ್ಲದೆ ಕಳೆಯುತ್ತಿದ್ದರೆ, ಬದುಕೇ ಬೇಡವೆನಿಸಿದರೆ ಉಸಿರಿನ ಅಭ್ಯಾಸವೊಂದೇ ಸಾಲದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು, ಹಣ ಕೊಡಬೇಕಿಲ್ಲ.

ಸಂಜೆ ಬಸ್ಸುಗಳು ಒಂದೊಂದಾಗಿ ಹಿಂತಿರುಗುತ್ತವೆ. ‘ಅರಿಶಿನಕುಂಟೆ, ಯಾರ್ರೀ ಇಳಿಯೋರು?’ ಎಂದು ಕಂಡಕ್ಟರ್ ಕೂಗಿದಾಗ ಕಂಬಿಗೆ ತಲೆ ಕೊಟ್ಟು ತೂಕಡಿಸುತ್ತಿದ್ದವರು ತಟ್ಟನೆ ಎದ್ದು, ಖಾಲಿ ಡಬ್ಬಿ ಹುಡುಕಿಕೊಂಡು ಬಾಗಿಲ ಕಡೆ ನುಗ್ಗುತ್ತಾರೆ.