ತಾಯಿಯಾಗುವವಳಿಗೆ ಬೇಕಾದ ಬಲ

ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ ಮುಗಿಸಿ ನಮ್ಮ ಮಗಳನ್ನು ನಿಪ್ಪಾಣಿಯಿಂದ ಅಥಣಿಗೆ ಕರೆತಂದೆವು. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆಗೆಲ್ಲ ನಡೆದುಬಂದ ರೂಢಿ. ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಬಂದ ಮಗಳನ್ನು ಕಂಡು ಮನೆಯೇ ತುಂಬಿದಂತಾಯಿತು. ಆದರೆ ಮರುದಿನ ನಸುಕಿನಲ್ಲಿ ಆಕೆ ಗೋಡೆಗೆ ಬೆನ್ನು ಆನಿಸಿ, ಮೊಣಕಾಲು ಬಾಗಿಸಿ, ಮೆಲ್ಲಗೆ ಕೆಳಗಿಳಿದು ಮತ್ತೆ ಮೇಲೇಳುವುದನ್ನು ನೋಡಿ ನಾವು ಗಾಬರಿಗೊಂಡೆವು.

"ಏನವ್ವಾ ಇದು? ತುಂಬಿದ ಬಸುರಿ ಬೈಠಕ್ ಹೊಡೀತಾಳೇನು?" ಎಂದು ಗದರಿಸಿದೆವು.

"ಡಾಕ್ಟರಬಾಯಾರು ಹೇಳ್ಯಾರವ್ವಾ. ಚೀಟಿನೂ ಬರದು ಕೊಟ್ಟಾರ" ಎಂದು ಆಕೆ ಒಂದು ಕಾಗದವನ್ನು ಮುಂದೆ ಹಿಡಿದಳು. ನಾವು ಅದನ್ನು ಓದಲೂ ಇಲ್ಲ. ಮಡಚಿ ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟೆವು. ಹೆರಿಗೆಯಾಗುವವರೆಗೆ ಒಂದು ಕಡ್ಡಿಯನ್ನೂ ಎತ್ತಬಾರದೆಂದು ಕಟ್ಟಪ್ಪಣೆ ಮಾಡಿದೆವು. ಮಗಳು ಎದುರಾಡಲಿಲ್ಲ. ಎಂಟು ದಿನ ಕುಳಿತಲ್ಲಿಯೇ ಕುಳಿತಳು. ಸೊಂಟದ ನೋವು ಹೆಚ್ಚಾಯಿತು, ರಾತ್ರಿ ನಿದ್ದೆ ಬಾರದಾಯಿತು. ಅದೂ ಬಸುರಿನ ಸಹಜ ಲಕ್ಷಣವೆಂದೇ ನಾವು ಬಗೆದೆವು.

ಒಂಬತ್ತನೆಯ ದಿನ ಸಂಜೆ, ಲಿಂಗಪೂಜೆ ಮುಗಿಸಿ ಎದ್ದ ನಮ್ಮ ಅತ್ತೆಯವರು ನಮ್ಮನ್ನು ಅಡುಗೆಮನೆಗೆ ಕರೆದರು. ಅವರಿಗೆ ಎಂಬತ್ತು ದಾಟಿದೆ. ರಾಯಬಾಗ ತಾಲ್ಲೂಕಿನ ಒಕ್ಕಲು ಮನೆತನದಲ್ಲಿ ಹುಟ್ಟಿದವರು, ಆರು ಮಕ್ಕಳನ್ನು ಹೆತ್ತವರು. ದನಿ ತಗ್ಗಿಸಿ ಅವರು ಹೇಳಿದ ಮಾತು ನಮ್ಮನ್ನು ನಡುಗಿಸಿತು. ಮೂರನೆಯ ಹೆರಿಗೆಯಾದ ಹನ್ನೆರಡನೆಯ ದಿನಕ್ಕೇ ಅವರು ತುಂಬಿದ ಕೊಡ ಹೊತ್ತಿದ್ದರು, ದನಗಳಿಗೆ ಮೇವಿನ ಹೊರೆ ತಂದಿದ್ದರು. ಆಗಲೇ ಗರ್ಭಕೋಶ ಕೆಳಗೆ ಜಾರಿತು. ಕೆಮ್ಮಿದರೆ, ಸೀನಿದರೆ ಸೀರೆ ತೊಯ್ಯುತ್ತಿತ್ತು. ಇದನ್ನು ಅವರು ನಾಚಿಕೆಯಿಂದ ಯಾರಿಗೂ ಹೇಳದೆ ಐವತ್ತು ವರ್ಷ ಸಹಿಸಿದ್ದರು.

"ಹೊಟ್ಟಿ ಬಿಗಿದು ಕಟ್ಟಿದ್ರ, ಕೆಂಡದ ಮ್ಯಾಲ ಕಾಸಿದ್ರ ಬಲ ಬರತೈತಿ ಅಂತ ನಮಗ ಹೇಳಿದ್ರು. ಒಳಗಿನ ಬಲದ ಮಾತು ಯಾರೂ ಹೇಳಲಿಲ್ಲ. ಆ ಚೀಟಿ ಹುಡುಗಿಗೆ ತಿರುಗಿ ಕೊಡವ್ವಾ" ಎಂದರು.

ಇಪ್ಪತ್ತೆಂಟು ವರ್ಷ ನಾವು ಅವರೊಡನೆ ಒಂದೇ ಸೂರಿನ ಕೆಳಗೆ ಬಾಳಿದ್ದೇವೆ. ಅವರು ಜಾತ್ರೆಗೆ ಬರುತ್ತಿರಲಿಲ್ಲ, ಮದುವೆಗಳಿಗೆ ಹೋಗುತ್ತಿರಲಿಲ್ಲ, ಪ್ರವಚನದಲ್ಲಿ ನಡುವೆಯೇ ಎದ್ದು ಹೊರನಡೆಯುತ್ತಿದ್ದರು. ಅದು ಅವರ ಬಿಗುಮಾನದ ಸ್ವಭಾವವೆಂದು ನಾವು ನಂಬಿದ್ದೆವು. ನೆರೆಯವರೊಡನೆ ಹಾಗೆಂದು ಆಡಿಕೊಂಡದ್ದೂ ಉಂಟು. ಆ ರಾತ್ರಿ ನಮಗೆ ಊಟ ರುಚಿಸಲಿಲ್ಲ. ಮಾಡದಲ್ಲಿದ್ದ ಚೀಟಿಯನ್ನು ತೆಗೆದು ಮಗಳ ಕೈಗೆ ಕೊಟ್ಟೆವು. ಮುಂದಿನ ತಪಾಸಣೆಗೆ ನಾವೂ ಅವಳೊಡನೆ ಹೋದೆವು.

"ನಮ್ಮ ಕಡೆಯ ಹೆಣ್ಣುಮಕ್ಕಳು ದಿನವಿಡೀ ದುಡಿಯುತ್ತಾರೆ, ಅವರಿಗೇಕೆ ಬೇರೆ ವ್ಯಾಯಾಮ?" ಎಂದು ವೈದ್ಯೆಯನ್ನು ಕೇಳಿದೆವು. ಅವರು ಸಮಾಧಾನದಿಂದ ತಿಳಿಸಿದರು. ನಿಪ್ಪಾಣಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಬೀಡಿ ಕಟ್ಟುವವಳ ಬೆರಳು ದಣಿಯುತ್ತವೆ, ಆದರೆ ಬೆನ್ನು, ತೊಡೆ, ಸೊಂಟ ಒಂದೇ ಭಂಗಿಯಲ್ಲಿ ಸೆಟೆದುಹೋಗುತ್ತವೆ. ಕೃಷ್ಣಾ ತೀರದ ಕಬ್ಬಿನ ಹೊಲದಲ್ಲಿ ಹೊರೆ ಹೊರುವವಳ ಮೈಮೇಲೆ ಭಾರ ಬೀಳುತ್ತದೆ, ವಿಶ್ರಾಂತಿ ದೊರೆಯುವುದಿಲ್ಲ. ಇವೆರಡೂ ದುಡಿತವೇ ಹೊರತು ವ್ಯಾಯಾಮವಲ್ಲ. ವ್ಯಾಯಾಮಕ್ಕೆ ಅಳತೆಯಿದೆ; ಮೈ ಒಪ್ಪಿದಷ್ಟೇ ಮಾಡಿ, ದಣಿವಿಗೆ ಮುನ್ನ ನಿಲ್ಲಿಸುವುದು ಅದರ ನಿಯಮ. ಈ ಮಾತು ಕೇಳಿದಾಗ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಪತಿ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಶರಣೆ ಅವಳು. ಕಾಯಕಕ್ಕೂ ಅಳತೆ ಬೇಕೆಂಬುದನ್ನು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರು?

ವೈದ್ಯೆ ತಿಳಿಸಿದ್ದನ್ನು ಸೋದರಿಯರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಜೋಳಿಗೆಯಂತೆ ಹೊತ್ತು ಹಿಡಿದ ಸ್ನಾಯುಗಳಿವೆ. ಬಸುರಿನ ಭಾರಕ್ಕೂ ಹೆರಿಗೆಯ ಸೆಳೆತಕ್ಕೂ ಅವು ಸಡಿಲಗೊಳ್ಳುತ್ತವೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಅವರು 1948ರಲ್ಲಿ ಈ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ಪ್ರಚುರಪಡಿಸಿದರು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವಂತೆ ಆ ಸ್ನಾಯುಗಳನ್ನು ಒಳಗೆ, ಮೇಲಕ್ಕೆ ಬಿಗಿದು, ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಉಸಿರು ಕಟ್ಟಬಾರದು. ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ ಮಾಡಿದರೆ ಸಾಕು. ಮೂತ್ರ ವಿಸರ್ಜಿಸುವಾಗಲೇ ತಡೆಯುವ ಅಭ್ಯಾಸ ಮಾತ್ರ ಕೂಡದು. ರೊಟ್ಟಿ ಬಡಿಯುತ್ತಲೂ ಇದನ್ನು ಮಾಡಬಹುದು, ಪಕ್ಕದವರಿಗೆ ತಿಳಿಯದು.

ಇದರೊಡನೆ ಗೋಡೆಗೆ ಬೆನ್ನು ಕೊಟ್ಟು ಅರ್ಧ ಕುಳಿತು ಏಳುವುದು, ಗೋಡೆಗೆ ಅಂಗೈ ಊರಿ ಮೊಣಕೈ ಮಡಿಸಿ ನೂಕುವುದು, ಎಡಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸುವುದು, ನೀರು ತುಂಬಿದ ಚಿಕ್ಕ ತಂಬಿಗೆಯನ್ನು ಹಿಡಿದು ಮೊಣಕೈ ಮಡಿಸಿ ಬಿಡಿಸುವುದು. ನಾಳೆ ಕೂಸನ್ನು ಎತ್ತುವ ತೋಳಿಗೆ, ಹಾಲೂಡಿಸಲು ಬಾಗುವ ಬೆನ್ನಿಗೆ ಇವೇ ಆಸರೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ತೊಡಕಿಲ್ಲದ ಬಸುರಿ, ಬಾಣಂತಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಹದವಾದ ಚಟುವಟಿಕೆಯನ್ನು ಹೇಳುತ್ತದೆ. ಅದರಲ್ಲಿ ಸ್ನಾಯುಬಲದ ವ್ಯಾಯಾಮವೂ ಸೇರಿದೆ. ನಡೆಯುವಾಗ ಮಾತನಾಡಲು ಉಸಿರು ಸಾಲಬೇಕು, ಅದೇ ಹದ. ನಮ್ಮ ಯಜಮಾನರು ಪ್ರತಿದಿನ ಬೆಳಿಗ್ಗೆ ಮಗಳನ್ನು ಗಚ್ಚಿನಮಠದವರೆಗೆ ನಡೆಸಿಕೊಂಡು ಹೋಗತೊಡಗಿದರು. ಮುರುಘೇಂದ್ರ ಶಿವಯೋಗಿಗಳ ಗದ್ದುಗೆಗೆ ನಮಸ್ಕರಿಸಿ, ಕಟ್ಟೆಯ ಮೇಲೆ ತುಸು ಕುಳಿತು, ಬಿಸಿಲೇರುವ ಮೊದಲೇ ತಂದೆ ಮಗಳು ಹಿಂದಿರುಗುತ್ತಿದ್ದರು.

ಎಚ್ಚರಿಕೆಯ ಮಾತುಗಳನ್ನೂ ಮರೆಯಬಾರದು. ಮೂರು ತಿಂಗಳ ನಂತರ ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇಡ. ಏಪ್ರಿಲ್, ಮೇ ತಿಂಗಳ ಉರಿಬಿಸಿಲು ಬೇಡ. ರಕ್ತದೊತ್ತಡ ಏರಿದವರು, ಮಾಸು ಗರ್ಭದ್ವಾರಕ್ಕೆ ಅಡ್ಡಬಂದವರು, ಹೃದ್ರೋಗಿಗಳು, ತೀವ್ರ ರಕ್ತಹೀನತೆಯವರು ವೈದ್ಯರ ಅಪ್ಪಣೆಯಿಲ್ಲದೆ ತೊಡಗಲೇಬಾರದು. ರಕ್ತಸ್ರಾವ, ನೀರು ಸೋರುವಿಕೆ, ಎದೆನೋವು, ತಲೆಸುತ್ತು, ಮೀನಖಂಡದ ನೋವು, ಕೂಸಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆಗಳನ್ನು ಬಸುರಿನಲ್ಲಿ 180 ದಿನ, ಬಾಣಂತನದಲ್ಲಿ ಮತ್ತೆ 180 ದಿನ ನುಂಗಬೇಕೆಂಬುದು ಸರ್ಕಾರದ ನಿಯಮ. ರಕ್ತವಿಲ್ಲದ ಮೈಗೆ ಬಲ ಎಲ್ಲಿಂದ ಬಂದೀತು?

ಎಂಟನೆಯ ತಿಂಗಳಲ್ಲಿ ಗುರುಗಳು ಮನೆಗೆ ದಯಮಾಡಿಸಿ ಗರ್ಭದ ಕೂಸಿಗೆ ಲಿಂಗಧಾರಣೆ ನೆರವೇರಿಸಿದರು. ಒಂಬತ್ತು ತುಂಬಿದ ಮೇಲೆ ಮಗಳು ಹೆಣ್ಣುಮಗುವಿನ ತಾಯಿಯಾದಳು. ಕೂಸಿನ ಎದೆಬಡಿತ ಇಳಿದುದರಿಂದ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ವ್ಯಾಯಾಮ ಮಾಡಿಯೂ ಹೀಗಾಯಿತಲ್ಲ ಎಂದು ಕೆಲವರು ಆಡಿದರು. ವ್ಯಾಯಾಮವು ಸಹಜ ಹೆರಿಗೆಯ ಭರವಸೆಯ ಪತ್ರವಲ್ಲ. ಆದರೆ ಮರುದಿನವೇ ಮಗಳು ಮಗ್ಗುಲಾಗಿ ತಿರುಗಿ, ತೋಳಿನ ಬಲದಿಂದ ಎದ್ದು ಕುಳಿತು, ನಾಲ್ಕು ಹೆಜ್ಜೆ ನಡೆದಳು. ಹೀಗೆ ಬೇಗನೆ ನಡೆದಾಡಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆಯಂತೆ.

ಮನೆಗೆ ಬಂದ ಮೇಲೆ ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಕೂಡಿಸಿ, ಹೊರಸಿನ ಕೆಳಗೆ ಕೆಂಡವಿಟ್ಟು, ನೀರು ಕಡಿಮೆ ಕೊಡಬೇಕೆಂದು ಬಂಧುಗಳು ಒತ್ತಾಯಿಸಿದರು. ಬಸವಾದಿ ಶರಣರು ಜನನ, ಮರಣ, ಜಾತಿ, ಎಂಜಲು, ರಜಸ್ಸು ಎಂಬ ಐದು ಸೂತಕಗಳನ್ನು ತಳ್ಳಿಹಾಕಿದರು. ಹೆತ್ತವಳು ಮೈಲಿಗೆಯಲ್ಲವೆಂದ ಮೇಲೆ ಅವಳಿಗೆ ಸೆರೆವಾಸವೇಕೆ? ವಿಶ್ರಾಂತಿ ಬೇಕು, ಗಾಳಿ ಬೆಳಕೂ ಬೇಕು. ಅಂಟಿನ ಉಂಡೆ, ಸಬ್ಬಸಿಗೆ ಪಲ್ಯ, ಬಿಸಿ ರೊಟ್ಟಿಗಳನ್ನು ನಾವು ಬಿಡಲಿಲ್ಲ. ಅವು ನಮ್ಮ ಹಿರಿಯರ ಸುಜ್ಞಾನ. ಹಾಲೂಡಿಸುವವಳಿಗೆ ಕೇಳಿದಾಗಲೆಲ್ಲ ನೀರು ಕೊಟ್ಟೆವು. ಆರು ವಾರ ಕೂಸಿಗಿಂತ ಭಾರವಾದುದನ್ನು ಎತ್ತಗೊಡಲಿಲ್ಲ. ಒಳಸ್ನಾಯುಗಳನ್ನು ಬಿಗಿಯುವ ಅಭ್ಯಾಸವನ್ನು ನೋವು ತಗ್ಗಿದೊಡನೆ ಆರಂಭಿಸಿದಳು. ಹೊಟ್ಟೆಯ ವ್ಯಾಯಾಮ ಮಾತ್ರ ಆರು ವಾರಗಳ ತಪಾಸಣೆಯ ನಂತರವೇ ನಡೆಯಿತು. ಬಸುರಿನಲ್ಲಿ ಅಗಲಿದ ಹೊಟ್ಟೆಯ ಸ್ನಾಯುಗಳು ಕೂಡಿಕೊಳ್ಳುವ ಮೊದಲೇ ಅವಸರಪಟ್ಟರೆ ಹಾನಿಯೇ ಹೆಚ್ಚು.

ಆ ತಪಾಸಣೆಯ ದಿನ ನಮ್ಮೊಡನೆ ಅತ್ತೆಯವರೂ ಬಂದರು. ಬಾರೆನೆಂದವರನ್ನು ಮೊಮ್ಮಗಳೇ ಕೈಹಿಡಿದು ಕರೆದೊಯ್ದಳು. ವೈದ್ಯೆ ಅವರನ್ನು ಪರೀಕ್ಷಿಸಿ, ಈ ವಯಸ್ಸಿಗೆ ಶಸ್ತ್ರಚಿಕಿತ್ಸೆ ಬೇಡವೆಂದು, ಗರ್ಭಕೋಶವನ್ನು ಎತ್ತಿಹಿಡಿಯುವ ಮೆತ್ತನೆಯ ಉಂಗುರವೊಂದನ್ನು ಅಳವಡಿಸಿದರು. ಹೊರಗೆ ಬಂದ ಅತ್ತೆಯವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. "ಇಷ್ಟಕ್ಕ ಐವತ್ತ ವರ್ಷ ಹೋತಲ್ಲವ್ವಾ" ಎಂದಷ್ಟೇ ನುಡಿದು ಕಣ್ಣೊರೆಸಿಕೊಂಡರು.

ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಸುವ ವ್ಯವಸ್ಥೆ 2016ರಲ್ಲಿಯೇ ಆರಂಭವಾಗಿದೆ. ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋಗುವ ತಾಯಂದಿರು, ಅತ್ತೆಯಂದಿರು ತಮ್ಮ ತೊಂದರೆಯನ್ನೂ ಅಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಲಿ. ವೈದ್ಯರು ಕೊಟ್ಟ ಚೀಟಿಯನ್ನು ನಮ್ಮಂತೆ ಓದದೆ ಮಾಡದಲ್ಲಿ ಇಡದಿರಲಿ.

ಕಳೆದ ತಿಂಗಳು ಕಾಗವಾಡದ ಬಂಧುಗಳ ಮನೆಯಲ್ಲಿ ಮದುವೆಯಿತ್ತು. ಅತ್ತೆಯವರು ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತು, ಮರಿಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಅಕ್ಕಿಕಾಳು ಬೀಳುವವರೆಗೂ ಅವರು ಕುಳಿತಲ್ಲಿಂದ ಏಳಲಿಲ್ಲ.