ಬೆರಳಿಗೆ ಹತ್ತಿದ ಕಪ್ಪು

ಶಿವಮೊಗ್ಗದಿಂದ ಸಾಗರಕ್ಕೆ ಸಾಗುವ ಹೆದ್ದಾರಿಯಲ್ಲಿ ಆಯನೂರಿನಲ್ಲಿ ಬಸ್ಸಿಳಿದು, ಗದ್ದೆಯಂಚನ್ನು ಹಿಡಿದು ನಡೆದರೆ ಸಿಕ್ಕುತ್ತಿದ್ದ ಎರಡು ಕೋಣೆಗಳ ಪ್ರಾಥಮಿಕ ಶಾಲೆಗೆ ನಾನು ಉಪಾಧ್ಯಾಯನಾಗಿ ಬಂದ ಕಾಲದಲ್ಲಿ, ಮಕ್ಕಳ ತಂದೆತಾಯಿಗಳನ್ನು ಶಾಲೆಗೆ ಕರೆಯಿಸುವುದೆಂದರೆ ದೂರು ಹೇಳುವುದೆಂದೇ ಅರ್ಥವಾಗಿತ್ತು. ಮಗನಿಗೆ ಮಗ್ಗಿ ಬಾರದೆಂದು ನಾವು ಹೇಳುವುದು. “ಎರಡು ಬಾರ್ಸಿ ಬುದ್ಧಿ ಕಲಿಸಿ, ಮೇಷ್ಟ್ರೇ” ಎಂದು ಅವರು ಹೊಸ್ತಿಲಾಚೆಯಿಂದಲೇ ನುಡಿದು ಗದ್ದೆಗೆ ಹಿಂದಿರುಗುವುದು. ವಿಜ್ಞಾನದ ಮಾತು ಅಲ್ಲಿ ಎಂದೂ ಸುಳಿಯಲಿಲ್ಲ. 1987ರಲ್ಲಿ ಆರಂಭವಾದ ಕಪ್ಪುಹಲಗೆ ಕಾರ್ಯಾಚರಣೆಯ ಫಲವಾಗಿ, ಕೆಲವು ವರ್ಷಗಳ ತರುವಾಯ ನಮಗೂ ವಿಜ್ಞಾನದ ಪೆಟ್ಟಿಗೆಯೊಂದು ಬಂದಿತಾದರೂ, ಗಾಜಿನ ನಳಿಕೆ ಒಡೆದರೆ ಲೆಕ್ಕ ಕೊಡಬೇಕೆಂಬ ಭಯದಿಂದ ಅದು ಬೀರುವಿನೊಳಗೇ ಉಳಿಯಿತು. ಬೀಗದ ಕೈ ನನ್ನ ಬಳಿಯೇ ಇತ್ತೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ನೋಯುತ್ತದೆ.

2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟು, ಮುಂದೆ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡತೊಡಗಿದ ಮೇಲೆ, ಹೊಸ್ತಿಲಾಚೆ ನಿಲ್ಲುತ್ತಿದ್ದವರು ಒಳಬಂದು ಚಾಪೆಯ ಮೇಲೆ ಕುಳಿತರು. 2009ರ ಶಿಕ್ಷಣ ಹಕ್ಕು ಕಾಯಿದೆಯೊಡನೆ ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನ ಬಂದಿತು. ಅಂಕಗಳು ಶ್ರೇಣಿಗಳಾದುವು, ತುಂಬಬೇಕಾದ ನಮೂನೆಗಳು ಬೆಳೆದುವು. ಆದರೆ ಓದು ಬಾರದ ತಾಯಿಯ ಕೈಗೆ ಪರಿಸರ ಅಧ್ಯಯನದ ಉತ್ತರಪತ್ರಿಕೆಯನ್ನಿತ್ತು ಮಗಳ ಶ್ರೇಣಿ ಇಂಥದೆಂದು ಹೇಳಿದರೆ, ಮಗಳು ಕಲಿತುದೇನೆಂಬುದು ಆಕೆಗೆ ತಿಳಿಯುವ ಬಗೆ ಹೇಗೆ?

ಈ ಪ್ರಶ್ನೆ ಬಹುದಿನ ಕಾಡಿದ ಮೇಲೆ, ಒಂದು ಸಭೆಯಲ್ಲಿ ಶ್ರೇಣಿಗಳನ್ನು ಬದಿಗಿಟ್ಟು, ಐದನೆಯ ತರಗತಿಯ ಹುಡುಗಿಯೊಬ್ಬಳನ್ನು ಮುಂದೆ ಕರೆದೆನು. ಆಕೆ ಲೋಟದ ಅರಿಶಿನದ ನೀರಿಗೆ ಎಲೆಯಡಕೆಯ ಸುಣ್ಣವನ್ನು ಕದಡಿದಳು. ನೀರು ಆರತಿಯ ಓಕುಳಿಯಂತೆ ಕೆಂಪಾಯಿತು. ಅದನ್ನು ಕಾಣದ ತಾಯಿ ಅಲ್ಲಿ ಯಾರಿದ್ದರು! ಆದರೆ ಅದೇ ಓಕುಳಿಗೆ ನಿಂಬೆಯ ರಸ ಹಿಂಡಿದಾಗ ಕೆಂಪು ಅಳಿದು ಹಳದಿ ಮರಳಿ ಬಂದುದನ್ನು ಕಂಡು ಚಾಪೆಯ ಮೇಲಿದ್ದವರೆಲ್ಲ ಮುಂದಕ್ಕೆ ಬಾಗಿದರು. ಸುಣ್ಣ ಕ್ಷಾರ, ನಿಂಬೆ ಆಮ್ಲ, ಯಾವುದು ಯಾವುದೆಂದು ಹೇಳಿಕೊಡುವುದು ಅರಿಶಿನ ಎಂದು ಹುಡುಗಿ ವಿವರಿಸಿದಳು.

ಅಡಕೆ ಸುಲಿಯುವ ಮನೆಯಿಂದ ನೇರವಾಗಿ ಬಂದಿದ್ದ ತಾಯಿಯೊಬ್ಬಳು ತನ್ನ ಕಪ್ಪು ಬೆರಳುಗಳನ್ನು ಚಾಚಿ, “ಮೇಷ್ಟ್ರೇ, ಇದೂ ಸೋಪಿಗೆ ಹೋಗಲ್ಲ, ನಿಂಬೆಹಣ್ಣಿಗೆ ಹೋಗುತ್ತೆ. ಅದೂ ಇದೂ ಒಂದೇನಾ?” ಎಂದು ಕೇಳಿದಳು.

ನಾನು ಒಡನೆ ಉತ್ತರಿಸಲಾರದೆ ಹೋದೆನು. ಹಸಿ ಅಡಕೆಯ ಒಗರು ಕತ್ತಿಯ ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ, ಹುಳಿಯು ಆ ಕಪ್ಪನ್ನು ಕರಗಿಸುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಹಿರಿಯರು ಮಸಿ ಕಾಯಿಸುತ್ತಿದ್ದುದರ ಮರ್ಮವೂ ಅದೇ. ಎರಡರಲ್ಲಿಯೂ ಕೆಲಸ ಮಾಡಿದುದು ನಿಂಬೆಯ ಹುಳಿಯೇ ಆದರೂ, ಅರಿಶಿನ ಬಣ್ಣ ಬದಲಿಸುವ ಬಗೆ ಬೇರೆ, ಇದು ಬೇರೆ. ಕಬ್ಬಿಣವೆಂದರೆ ಭದ್ರಾವತಿ, 1923, ವಿಶ್ವೇಶ್ವರಯ್ಯನವರು ಎಂದು ವರ್ಷ ವರ್ಷವೂ ಬಾಯಿಪಾಠ ಮಾಡಿಸುತ್ತಿದ್ದ ನನಗೆ, ಅದರ ಪಾಠವು ಈ ತಾಯಿಯ ಬೆರಳ ಮೇಲೆಯೇ ಇದೆಯೆಂಬುದು ಹೊಳೆದಿರಲಿಲ್ಲ.

ಅಂದಿನಿಂದ ಸಭೆಯ ನಡೆ ಬದಲಾಯಿತು. ಕಾಡಿಗೆ ದರಗು ತರಲು ಹೋಗುವ ತಂದೆಯೊಬ್ಬರು, ಎಲೆಯುದುರಿದ ಒಣ ದಿನಗಳಲ್ಲಿ ಉಣುಗು ಹೆಚ್ಚುವುದನ್ನು ಹೇಳಿದರೆ, ಮಕ್ಕಳು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಆ ಉಣುಗು ಹೊತ್ತು ತರುವ ರೀತಿಯನ್ನು ತಿಳಿಸಿದರು.

ಮುಂದಿನ ಸಭೆಯ ಕರೆಯೋಲೆಗಳನ್ನು ಮಕ್ಕಳು ಅಳಲೆಕಾಯಿಯ ಕಷಾಯದಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ನೆನೆಯಿಟ್ಟು ತಾವೇ ಮಾಡಿದ ಮಸಿಯಿಂದ ಬರೆದರು. ಆ ತಾಯಿಯೂ ಓಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಓದಲಾರದ ಆಕೆ, ಮೂಲೆಯಲ್ಲಿ ಕುಳಿತು ಅದನ್ನು ಬಿಡಿಸಿ, ತನ್ನ ಹೆಬ್ಬೆರಳನ್ನು ಅಕ್ಷರಗಳ ಪಕ್ಕದಲ್ಲಿಟ್ಟು ಎರಡರ ಬಣ್ಣವನ್ನೂ ಹೋಲಿಸಿ ನೋಡುತ್ತಿದ್ದಳು.