ಹಿತ್ತಿಲಿನ ಅಂಗಮಾರಿ

ಹಾಸನ ಸೀಮೆಯ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಮುಂಗಾರಿನಲ್ಲಿ ಆಲೂಗಡ್ಡೆಯನ್ನೂ ಅದರ ಮಗ್ಗುಲಲ್ಲಿಯೇ ಟೊಮೇಟೊವನ್ನೂ ಬೆಳೆಸಿದ್ದೆವು. ಇವೆರಡೂ ಒಂದೇ ಕುಲದ ಸಸ್ಯಗಳು, ಒಂದರ ಬೇನೆ ಮತ್ತೊಂದಕ್ಕೆ ಹತ್ತುವುದು ಎಂಬುದನ್ನು ನಾವು ಆಗ ಅರಿತಿರಲಿಲ್ಲ. ವಾರವಿಡೀ ಸೋನೆ ಹಿಡಿದ ಬಳಿಕ ನೋಡಲಾಗಿ, ಆಲೂಗಡ್ಡೆಯ ಎಲೆಯಂಚುಗಳಲ್ಲಿ ನೀರು ಕುಡಿದಂತಹ ಕಂದು ಮಚ್ಚೆಗಳು! ಹುಳುವಿನ ಕಾಟವೆಂದೆಣಿಸಿ ಒಲೆಯ ಬೂದಿಯನ್ನೆರಚಿದೆವು. ಹುಳುವಾದರೆ ಎಲೆಯನ್ನು ಕೊರೆದು ತಿಂದಿರಬೇಕು. ಇಲ್ಲಿಯೋ ಎಲೆಯಡಿಯಲ್ಲಿ ಬಿಳಿಯ ಬೂಷ್ಟು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಮಹಾಕ್ಷಾಮವನ್ನು ತಂದ ಅಂಗಮಾರಿ ರೋಗವೇ ಇದು.

ರೋಗ ಹತ್ತಿದ ಗಿಡಗಳನ್ನು ಅಂದೇ ಕಿತ್ತು ಆಳವಾಗಿ ಹೂಳಬೇಕಾಗಿತ್ತು. ನಾವೇ ನೆಟ್ಟು ಮಣ್ಣೇರಿಸಿದವೆಂಬ ಮಮತೆಯಿಂದ ಮೂರು ದಿನ ತಡೆದೆವು. ಅಷ್ಟರಲ್ಲಿ ನಮ್ಮ ಟೊಮೇಟೊ ಕಾಯಿಗಳೂ ಕಂದಿದುವು. ಕಾಯಿ ಮಾರಿ ಜೀವಿಸುವ ನೆರೆಮನೆಯ ಅಜ್ಜಿಯ ಪಾತಿಯಲ್ಲಿಯೂ ಮಚ್ಚೆಗಳು ಕಂಡುವು. ಗಾಳಿಗೆ ಬೇಲಿಯುಂಟೇ? “ಒಂದು ಮಾತು ಮೊದಲೇ ಹೇಳಬಾರದಾಗಿತ್ತೇನವ್ವ?” ಎಂದಷ್ಟೇ ಅವರು ಕೇಳಿದರು.

ಎರಡು ಹಿತ್ತಿಲುಗಳಲ್ಲಿಯೂ ಉಳಿದ ಹಸುರು ಗಿಡಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸಿದೆವು. ಮಲೆನಾಡಿನವರು ಅಡಕೆಯ ಕೊಳೆರೋಗಕ್ಕೆ ಹೊಡೆಯುವುದೂ ಇದನ್ನೇ. ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ಇವನ್ನು ಬೇರೆಬೇರೆ ಪಾತ್ರೆಗಳಲ್ಲಿ ಐದೈದು ಲೀಟರು ನೀರಿಗೆ ಬೆರೆಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಪಾತ್ರೆಯು ಕಬ್ಬಿಣದ್ದಾಗಬಾರದು. ಹೊಳೆಯುವ ಚಾಕುವನ್ನು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದರ್ಥ. ಇದು ರೋಗವನ್ನು ತಡೆಯಬಲ್ಲುದೇ ಹೊರತು ಕೆಟ್ಟ ಎಲೆಯನ್ನು ಗುಣಪಡಿಸಲಾರದು.

ಅಗೆದು ತೆಗೆದ ಗಡ್ಡೆಗಳಲ್ಲಿ ಒಳ್ಳೆಯವನ್ನಾರಿಸಿ ಅಜ್ಜಿಗೆ ಒಂದು ಬುಟ್ಟಿ ಕೊಟ್ಟೆವು. ತೆಗೆದುಕೊಂಡರು. ಆದರೆ ಮರುವರ್ಷ ನಮ್ಮ ಬೇಲಿಯ ಕಡೆ ಅವರು ಟೊಮೇಟೊ ಹಾಕಲಿಲ್ಲ.